ಗೆಲುವು ಬಿಟ್ಟುಕೊಟ್ಟ ಸವಾರ: ಬಿಲ್ ಐವಿ

 

ನಮ್ಮ ಗೋಡೆ ಪತ್ರಿಕೆಯಲ್ಲಿ ಪ್ರತಿ ತಿಂಗಳೂ ಒಬ್ಬರ ಜೀವನ ಚರಿತ್ರೆ ಬರೆಯುವುದು ವಾಡಿಕೆ. ವಿಶ್ವೇಶ್ವರಯ್ಯನವರು, ಕಿತ್ತೂರು ಚೆನ್ನಮ್ಮ, ಮೇಡಂ ಕ್ಯೂರಿ ಇವರೆಲ್ಲರ ಬಗ್ಗೆ ನೀವು ಓದಿದ್ದೀರಿ. ಈ ತಿಂಗಳು ಬರೆಯುವ ಸರದಿ ನನ್ನದು. ನಾನು ಆರಿಸಿಕೊಂಡಿರುವುದು ಒಬ್ಬ ಮೋಟಾರ್ ಸೈಕಲ್ ರೇಸುಗಾರನನ್ನು. ಇವನ್ಯಾವ ಮಹನೀಯ ಅಂತ ನಗಬೇಡಿ, ಪೂರ್ತಿ ಓದಿ ಆಮೇಲೆ ಹೇಳಿ. ಅವನು ತೀರಿಕೊಂಡಾಗ ವಯಸ್ಸು ಬರೀ 26. ನನಗೆ ಅವನು ಅಣ್ಣನ ಹಾಗೆ ಅನ್ನಿಸುತ್ತಾನೆ. ಅದಕ್ಕೇ ಏಕವಚನದಲ್ಲಿ ಬರೆದಿದ್ದೇನೆ. ಗುರುಗಳು ತಪ್ಪು ತಿಳಿಯಬಾರದು.

ನಮ್ಮ ಚಿಕ್ಕಪ್ಪ ಹೋಬಳಿಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿರುವುದು ನಿಮಗೆಲ್ಲ ಗೊತ್ತು. ರಜೆಯಲ್ಲಿ ನಾನು ಅಲ್ಲಿ ಸ್ಪ್ಯಾನರ್ ಎತ್ತಿಕೊಡಲು ಹೋಗುತ್ತೇನೆ. ಹಳೇ ಯೆಜ್ಡಿ, ಹಳೇ ಯಮಹಾ ಆರ್‌ಎಕ್ಸ್ 100 ಬಂದರೆ ಚಿಕ್ಕಪ್ಪನಿಗೆ ಹಬ್ಬ. ಹಾಗೆ ಕೆಲಸ ಮಾಡುತ್ತಾ ಒಂದು ದಿನ ಈ ಬಿಲ್ ಐವಿಯ ಕಥೆ ಹೇಳಿದರು. ಕೇಳಿದ ಮೇಲೆ ನನಗೆ ಆವತ್ತು ಊಟ ಸೇರಲಿಲ್ಲ. ಯಾಕೆ ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ಹುಟ್ಟು ಮತ್ತು ಎಳೆಯ ದಿನಗಳು

ಇವನ ಪೂರ್ತಿ ಹೆಸರು ವಿಲಿಯಂ ಡೇವಿಡ್ ಐವಿ. ಎಲ್ಲರೂ ಕರೆಯುತ್ತಿದ್ದುದು ಬಿಲ್ ಅಂತ. 1942ನೇ ಇಸವಿ ಆಗಸ್ಟ್ 27ರಂದು ಇಂಗ್ಲೆಂಡ್ ದೇಶದ ಕೆಂಟ್ ಎಂಬ ಸೀಮೆಯ ಮೇಡ್‌ಸ್ಟನ್ ಊರಲ್ಲಿ ಹುಟ್ಟಿದ. ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು.

ಬಿಲ್ ಬಹಳ ಕುಳ್ಳ. ದೊಡ್ಡವನಾದ ಮೇಲೂ ಅವನ ಎತ್ತರ ಸುಮಾರು 5 ಅಡಿ 3 ಇಂಚು. ನಮ್ಮ ತರಗತಿಯಲ್ಲಿ ಅವನಿಗಿಂತ ಎತ್ತರದವರು ಬೇಕಾದಷ್ಟು ಜನ ಇದ್ದೇವೆ. ಆದರೆ ಸಣ್ಣ ಬೈಕಿನ ರೇಸಿಗೆ ಇದೇ ಒಂದು ಅನುಕೂಲ. ಸವಾರ ಹಗುರ ಇದ್ದಷ್ಟೂ ಬೈಕು ಬೇಗ ಓಡುತ್ತದೆ. ಮೈ ಚಿಕ್ಕದಾದಷ್ಟೂ ಗಾಳಿಯ ತಡೆ ಕಡಿಮೆ. ಅವನ ಊರಲ್ಲೇ ಒಂದು ಬೈಕ್ ಅಂಗಡಿ ಇತ್ತು. ಆ ಅಂಗಡಿಯವರ ಬೈಕುಗಳನ್ನೇ ಓಡಿಸುತ್ತಾ ರೇಸು ಕಲಿತ. 1959ರಲ್ಲಿ, ಇನ್ನೂ 16 ವರ್ಷದವನಿದ್ದಾಗ, ಬ್ರ್ಯಾಂಡ್ಸ್ ಹ್ಯಾಚ್ ಎಂಬ ರೇಸ್ ಮೈದಾನದಲ್ಲಿ 50 ಸಿಸಿ ಬೈಕ್ ಹತ್ತಿ ಸ್ಪರ್ಧೆಗೆ ಇಳಿದ. 50 ಸಿಸಿ ಅಂದರೆ ಎಷ್ಟು ಗೊತ್ತಾ? ಹಿಂದೆ ನಮ್ಮೂರ ಹಾಲಿನವರು ಇಟ್ಟುಕೊಂಡಿದ್ದ ಲೂನಾದಷ್ಟೇ!

ಆಮೇಲೆ ಟಾಮ್ ಕಿರ್ಬಿ ಎಂಬ ಬೈಕ್ ವ್ಯಾಪಾರಿಯ ತಂಡಕ್ಕೆ ದೊಡ್ಡ ಬೈಕುಗಳನ್ನು ಓಡಿಸಿದ. ಕುಳ್ಳ ಹುಡುಗ ಅಷ್ಟು ದೊಡ್ಡ ಬೈಕನ್ನು ಬಗ್ಗಿಸುವುದು ನೋಡಿ ಜನಕ್ಕೆ ಆಶ್ಚರ್ಯ. 1965ರಲ್ಲಿ ಜಪಾನಿನ ಯಮಹಾ ಕಾರ್ಖಾನೆ ಅವನ ಕೈಗೆ ತನ್ನ ಬೈಕ್ ಕೊಟ್ಟು ನೋಡಿತು. 1966ರಿಂದ ಅವನು ಯಮಹಾ ತಂಡದ ಪೂರಾ ಸವಾರನಾದ.

ಜೊತೆ ಸವಾರ ಅಂದರೆ ಯಾರು?

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಬೈಕ್ ರೇಸು ಅಂದರೆ ಒಬ್ಬೊಬ್ಬರೇ ಓಡುವ ಆಟ ಅಂತ ನಾನೂ ತಿಳಿದುಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಬೈಕು ಕಾರ್ಖಾನೆಯದು, ಮೆಕ್ಯಾನಿಕ್‌ಗಳು ಕಾರ್ಖಾನೆಯವರು, ಸಂಬಳವೂ ಕಾರ್ಖಾನೆಯದು. ಒಂದೇ ತಂಡದಲ್ಲಿ ಇಬ್ಬರು ಮೂವರು ಸವಾರರು ಇರುತ್ತಾರೆ. ಕಾರ್ಖಾನೆಗೆ ಬೇಕಾಗಿರುವುದು ತನ್ನ ಬೈಕು ಗೆಲ್ಲಬೇಕು ಅನ್ನುವುದು. ಮೇಲೆ ಕೂತವನು ಯಾರಾದರೂ ಆಗಲಿ.

ಹಾಗಾಗಿ ತಂಡದಲ್ಲಿ ಒಬ್ಬ ಮುಖ್ಯ ಸವಾರ, ಇನ್ನೊಬ್ಬ ಅವನಿಗೆ ಬೆಂಬಲ ಕೊಡುವ ಜೊತೆ ಸವಾರ. ಜೊತೆ ಸವಾರನ ಕೆಲಸ ಏನಪ್ಪಾ ಅಂದರೆ, ಹೊಸ ಬೈಕನ್ನು ಓಡಿಸಿ ಅದರ ಕುಂದುಕೊರತೆ ಹೇಳುವುದು. ರೇಸಿನಲ್ಲಿ ಬೇರೆ ಕಂಪನಿಯ ಸವಾರನಿಗೂ ತನ್ನ ಮುಖ್ಯ ಸವಾರನಿಗೂ ನಡುವೆ ನುಗ್ಗಿ ಎದುರಾಳಿಯ ಅಂಕ ಕಸಿದುಕೊಳ್ಳುವುದು. ಮುಂದೆ ಓಡಿ ಗಾಳಿ ಸೀಳಿ ಹಿಂದಿನವನಿಗೆ ದಾರಿ ಸುಲಭ ಮಾಡುವುದು. ಕೊನೆಗೆ, ತಾನೇ ಮುಂದಿದ್ದರೂ ಕೈ ಸಡಿಲ ಮಾಡಿ ಅವನನ್ನು ಮುಂದೆ ಬಿಡುವುದು. ಈ ಕೊನೆಯದು ಎಲ್ಲಕ್ಕಿಂತ ಕಷ್ಟ. ಗೆದ್ದವನ ಹೆಸರು ಪೇಪರಿನಲ್ಲಿ ಬರುತ್ತದೆ. ಬಿಟ್ಟುಕೊಟ್ಟವನ ಹೆಸರನ್ನು ಯಾರೂ ಕೇಳುವುದಿಲ್ಲ.

ಯಮಹಾ ತಂಡದ ಹಿರಿಯ ಸವಾರನ ಹೆಸರು ಫಿಲ್ ರೀಡ್. ಅವನೂ ಇಂಗ್ಲೆಂಡಿನವನೇ. ಯಮಹಾಕ್ಕೆ ಮೊಟ್ಟಮೊದಲ ವಿಶ್ವ ಚಾಂಪಿಯನ್ ಪಟ್ಟವನ್ನು 1964ರಲ್ಲಿ 250 ಸಿಸಿ ವಿಭಾಗದಲ್ಲಿ ತಂದುಕೊಟ್ಟವನು ಇವನೇ. 1965ರಲ್ಲೂ ಅದನ್ನು ಉಳಿಸಿಕೊಂಡ. ಐವಿ ಬಂದು ಸೇರಿದ್ದು ಇಂಥವನ ಪಕ್ಕಕ್ಕೆ.

ವಿಶ್ವ ಚಾಂಪಿಯನ್ ಆದದ್ದು

1966ರಲ್ಲಿ ಐವಿ 125 ಸಿಸಿ ವಿಭಾಗದಲ್ಲಿ ಮಾನ್ ದ್ವೀಪದ ರೇಸನ್ನು ಗೆದ್ದ. ಆ ವರ್ಷದ ಒಟ್ಟು ಲೆಕ್ಕದಲ್ಲಿ ಹೋಂಡಾದ ಲುಯಿಜಿ ತವೇರಿಗೆ ಮೊದಲ ಸ್ಥಾನ, ಐವಿಗೆ ಎರಡನೆಯದು. ಮರುವರ್ಷ 1967ರಲ್ಲಿ ಅವನನ್ನು ಹಿಡಿಯುವವರೇ ಇಲ್ಲ. 125 ಸಿಸಿಯ 12 ರೇಸುಗಳಲ್ಲಿ 8 ಗೆದ್ದು ವಿಶ್ವ ಚಾಂಪಿಯನ್ ಆದ. ಆಗ ಅವನಿಗೆ 25 ವರ್ಷ.

ಆ ಬೈಕಿನ ಬಗ್ಗೆ ಹೇಳಲೇಬೇಕು. ನಮ್ಮ ಆರ್‌ಎಕ್ಸ್ 100 ಬೈಕಿಗೆ ಒಂದೇ ಸಿಲಿಂಡರ್, 98 ಸಿಸಿ, 4 ಗೇರು, 11 ಅಶ್ವಶಕ್ತಿ. ಐವಿ ಓಡಿಸಿದ 125 ಸಿಸಿ ಯಮಹಾಕ್ಕೆ 4 ಸಿಲಿಂಡರ್, 9 ಗೇರು, 40ಕ್ಕೂ ಹೆಚ್ಚು ಅಶ್ವಶಕ್ತಿ. ಒಂದೊಂದು ಸಿಲಿಂಡರಿನ ಅಳತೆ ಸುಮಾರು 31 ಸಿಸಿ, ಅಂದರೆ ಚಿಕ್ಕ ಟೀ ಲೋಟದಷ್ಟೂ ಇಲ್ಲ. ಎಂಜಿನ್ ನಿಮಿಷಕ್ಕೆ 17 ಸಾವಿರಕ್ಕೂ ಮೇಲೆ ತಿರುಗಬೇಕು. ಸ್ವಲ್ಪ ಇಳಿದರೂ ಬೈಕಿಗೆ ದಮ್ಮೇ ಇರುವುದಿಲ್ಲ. ಅದಕ್ಕೇ ಅಷ್ಟೊಂದು ಗೇರು. ಸವಾರನ ಕಾಲಿಗೆ ಒಂದು ಕ್ಷಣ ಬಿಡುವಿಲ್ಲ.

ಅದೇ 1967ರಲ್ಲಿ ಫಿಲ್ ರೀಡ್‌ಗೆ ಒಂದು ಪೆಟ್ಟು ಬಿತ್ತು. 250 ಸಿಸಿ ವಿಭಾಗದಲ್ಲಿ ಅವನಿಗೂ ಹೋಂಡಾದ ಮೈಕ್ ಹೈಲ್‌ವುಡ್‌ಗೂ ತಲಾ 50 ಅಂಕ ಬಂತು. ಹೈಲ್‌ವುಡ್ 5 ರೇಸು ಗೆದ್ದಿದ್ದ, ರೀಡ್ 4 ಗೆದ್ದಿದ್ದ. ಹೀಗಾಗಿ ಪಟ್ಟ ಹೈಲ್‌ವುಡ್‌ಗೆ ಹೋಯಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಮುಂದಿನ ವರ್ಷ ರೀಡ್ ಯಾಕೆ ಹಾಗೆ ನಡೆದುಕೊಂಡ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನಗೆ ಅನ್ನಿಸುತ್ತದೆ.

1968: ಒಂದು ಒಪ್ಪಂದ

1968ರ ಆರಂಭದಲ್ಲಿ ಹೋಂಡಾ ಕಾರ್ಖಾನೆ ಬೈಕ್ ರೇಸಿನಿಂದ ಹಿಂದೆ ಸರಿಯಿತು. ಯಮಹಾಕ್ಕೆ ಎದುರಾಳಿಯೇ ಇಲ್ಲದಂತಾಯಿತು. 125 ಆಗಲಿ 250 ಆಗಲಿ, ಗೆಲ್ಲುವುದು ಇಬ್ಬರಲ್ಲಿ ಒಬ್ಬ, ಒಂದೋ ರೀಡ್ ಇಲ್ಲವೇ ಐವಿ. ಇಬ್ಬರೂ ಜಗಳಕ್ಕೆ ಬಿದ್ದು ಬೈಕ್ ಮುರಿದುಕೊಂಡರೆ ಕಾರ್ಖಾನೆಗೇ ನಷ್ಟ. ಅದಕ್ಕೆ ಯಮಹಾದವರು ಒಂದು ತೀರ್ಮಾನ ಮಾಡಿದರು. 125 ಸಿಸಿ ಪಟ್ಟ ರೀಡ್‌ಗೆ, 250 ಸಿಸಿ ಪಟ್ಟ ಐವಿಗೆ. ಅಲ್ಲಿ ಇವನು ಅವನಿಗೆ ಜೊತೆ ಸವಾರ, ಇಲ್ಲಿ ಅವನು ಇವನಿಗೆ ಜೊತೆ ಸವಾರ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ.

ಐವಿ ತನ್ನ ಪಾಲಿನ ಮಾತು ಹೇಗೆ ನಡೆಸಿದ ಅನ್ನುವುದಕ್ಕೆ ಮಾನ್ ದ್ವೀಪದ ರೇಸೇ ಸಾಕ್ಷಿ. ಇದು ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಸಮುದ್ರದಲ್ಲಿರುವ ದ್ವೀಪ. ಅಲ್ಲಿ ರೇಸಿಗೆ ಬೇರೆ ಮೈದಾನ ಇಲ್ಲ. ಊರಿನ ರಸ್ತೆಗಳಲ್ಲೇ, ಮನೆ ಗೋಡೆಗಳ ಪಕ್ಕದಲ್ಲೇ, ಬೆಟ್ಟ ಹತ್ತಿ ಇಳಿದು ಓಡಿಸಬೇಕು. ಒಂದು ಸುತ್ತಿಗೆ ಸುಮಾರು 60 ಕಿಲೋಮೀಟರ್. 1968ರ 125 ಸಿಸಿ ರೇಸಿನಲ್ಲಿ ಐವಿ ಒಂದು ಸುತ್ತನ್ನು ಗಂಟೆಗೆ 100.32 ಮೈಲಿ ಸರಾಸರಿಯಲ್ಲಿ ಮುಗಿಸಿದ. ಅಂದರೆ ಸುಮಾರು 161 ಕಿಲೋಮೀಟರ್. 125 ಸಿಸಿ ಬೈಕಿನಲ್ಲಿ ಅಲ್ಲಿ 100 ಮೈಲಿ ದಾಟಿದ ಮೊದಲ ಮನುಷ್ಯ ಇವನೇ. ಮನಸ್ಸು ಮಾಡಿದ್ದರೆ ರೇಸು ಅವನದೇ.

ಆದರೆ ಗೆಲ್ಲಬೇಕಾದವನು ರೀಡ್ ಅಲ್ಲವೇ? ಆ ದ್ವೀಪದಲ್ಲಿ ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಕಳಿಸುತ್ತಾರೆ. ರಸ್ತೆಯಲ್ಲಿ ಮುಂದಿದ್ದರೂ ಸಮಯದ ಲೆಕ್ಕದಲ್ಲಿ ಯಾರು ಮುಂದೆ ಅನ್ನುವುದು ಸವಾರನಿಗೆ ತಿಳಿಯುವುದಿಲ್ಲ. ಕೊನೆಯ ಸುತ್ತಿನಲ್ಲಿ ಐವಿ ದಾರಿಯಲ್ಲೇ ಬೈಕ್ ನಿಲ್ಲಿಸಿ, ಈಗ ಯಾರು ಮುಂದೆ ಇದ್ದಾರೆ ಅಂತ ನೋಡುತ್ತಾ ನಿಂತಿದ್ದ ಜನರನ್ನೇ ಕೇಳಿದನಂತೆ! ರೀಡ್ ಮೊದಲ ಸ್ಥಾನ, ಐವಿ ಎರಡನೇ ಸ್ಥಾನ. ದಾಖಲೆ ಮಾಡಿದವನು ಹಿಂದೆ, ಪದಕ ಮುಂದಿನವನಿಗೆ. ಅದೇ ಸಲ ಅಲ್ಲಿನ 250 ಸಿಸಿ ರೇಸನ್ನು ಐವಿ ಗೆದ್ದ. ಒಪ್ಪಂದ ಸರಿಯಾಗಿಯೇ ನಡೀತಿದೆ ಅಂತ ಎಲ್ಲರಿಗೂ ಅನ್ನಿಸಿತ್ತು.

ಮಾತು ಮುರಿದದ್ದು

1968ರ ಜುಲೈ ತಿಂಗಳಲ್ಲಿ ಚೆಕೊಸ್ಲೊವಾಕಿಯಾ ದೇಶದ ಬರ್ನೋ ಊರಲ್ಲಿ ರೇಸು ನಡೆಯಿತು. ಅಲ್ಲಿಗೆ 125 ಸಿಸಿ ಪಟ್ಟ ರೀಡ್‌ಗೆ ಖಾತ್ರಿಯಾಯಿತು. ಅವನ ಪಾಲು ಅವನಿಗೆ ಸಿಕ್ಕಿತು. ಇನ್ನು ಐವಿಯ ಪಾಲು ಬಿಟ್ಟುಕೊಡಬೇಕು. ಆದರೆ ರೀಡ್ ತಾನು 250 ಪಟ್ಟಕ್ಕೂ ಓಡಿಸುವುದಾಗಿ ತಿಳಿಸಿಬಿಟ್ಟ. ಅಲ್ಲಿನ 250 ಸಿಸಿ ರೇಸನ್ನೂ ಅವನೇ ಗೆದ್ದ.

ಐವಿಗೆ ಎಷ್ಟು ಸಂಕಟ ಆಗಿರಬೇಕು ಯೋಚಿಸಿ. 125ರಲ್ಲಿ ತಾನು ಬಿಟ್ಟುಕೊಟ್ಟದ್ದು ಹಿಂದಕ್ಕೆ ಬರುವುದಿಲ್ಲ. ಕೊಟ್ಟ ಸಾಲ ಕೊಟ್ಟದ್ದೇ ಆಯಿತು. ಅಲ್ಲಿಂದ ಮುಂದೆ ಒಂದೇ ಬಣ್ಣದ ಬಟ್ಟೆ ತೊಟ್ಟ ಇಬ್ಬರೂ ಶತ್ರುಗಳ ಹಾಗೆ ಓಡಿಸಿದರು. ಅಲ್ಸ್ಟರ್‌ನಲ್ಲಿ ಐವಿ ಗೆದ್ದ. ಕೊನೆಯ ರೇಸು ಸೆಪ್ಟೆಂಬರ್‌ನಲ್ಲಿ ಇಟಲಿಯ ಮೊಂಜಾದಲ್ಲಿ. ಅದನ್ನು ರೀಡ್ ಗೆದ್ದ.

ಈಗ ಲೆಕ್ಕ ಮೇಷ್ಟ್ರಿಗೆ ಇಷ್ಟವಾಗುವ ಜಾಗಕ್ಕೆ ಬಂದೆವು. ಆಗ ಮೊದಲ ಸ್ಥಾನಕ್ಕೆ 8 ಅಂಕ, ಎರಡನೆಯದಕ್ಕೆ 6, ಮೂರನೆಯದಕ್ಕೆ 4. ಒಟ್ಟು 10 ರೇಸುಗಳಲ್ಲಿ ಚೆನ್ನಾಗಿ ಓಡಿಸಿದ 6ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ರೀಡ್ 5 ರೇಸು ಗೆದ್ದಿದ್ದ, ಐವಿಯೂ 5 ಗೆದ್ದಿದ್ದ. ಐದೆಂಟಲ ನಲವತ್ತು, ಅದಕ್ಕೆ ಒಂದು ಎರಡನೇ ಸ್ಥಾನದ 6 ಸೇರಿಸಿದರೆ 46. ಇಬ್ಬರಿಗೂ 46! ಗೆಲುವು ಎಣಿಸಿದರೂ ಸಮ, ಎರಡನೇ ಸ್ಥಾನ ಎಣಿಸಿದರೂ ಸಮ. ಕೊನೆಗೆ ಇಬ್ಬರೂ ಗುರಿ ಮುಟ್ಟಿದ ರೇಸುಗಳ ಸಮಯವನ್ನೆಲ್ಲ ಕೂಡಿ ನೋಡಿದರು. ರೀಡ್‌ಗೆ ಸುಮಾರು ಎರಡು ನಿಮಿಷ ಕಡಿಮೆ ಹಿಡಿದಿತ್ತು. 250 ಪಟ್ಟವೂ ರೀಡ್‌ಗೇ ಹೋಯಿತು. ಒಂದು ಇಡೀ ವರ್ಷದ ದುಡಿಮೆ ಎರಡು ನಿಮಿಷದಲ್ಲಿ ಕೈ ಬಿಟ್ಟಿತು. ಐವಿಗೆ ಎರಡರಲ್ಲಿ ಒಂದೂ ಇಲ್ಲ.

ಇಲ್ಲಿ ರೀಡ್ ಕೆಟ್ಟವನು ಅಂತ ನಾನು ಬರೆಯುವುದಿಲ್ಲ. ನಮ್ಮ ಚಿಕ್ಕಪ್ಪನೇ ಅವನ ಪರ ಮಾತಾಡುತ್ತಾರೆ. ರೇಸುಗಾರ ಗೆಲ್ಲಬೇಕು, ಬಿಟ್ಟುಕೊಟ್ಟು ಗೆಲ್ಲಿಸುವುದು ನಾಟಕವಾಯಿತೇ ಹೊರತು ರೇಸಾಗಲಿಲ್ಲ ಅನ್ನುವುದು ಅವರ ವಾದ. ಇದರಲ್ಲೂ ಸತ್ಯ ಇದೆ. ರೀಡ್ ದೊಡ್ಡ ಸವಾರ. ಮುಂದೆ 1973 ಮತ್ತು 1974ರಲ್ಲಿ 500 ಸಿಸಿಯಲ್ಲೂ ವಿಶ್ವ ಚಾಂಪಿಯನ್ ಆದ. 2022ರಲ್ಲಿ ತೀರಿಕೊಂಡ. ಆದರೆ ನನ್ನದು ಒಂದೇ ಪ್ರಶ್ನೆ. ಬಿಟ್ಟುಕೊಡುವುದು ತಪ್ಪು ಅನ್ನುವುದಾದರೆ 125ರಲ್ಲಿ ಐವಿ ಬಿಟ್ಟುಕೊಟ್ಟಾಗಲೇ ಬೇಡ ಅನ್ನಬೇಕಿತ್ತು. ತಗೊಳ್ಳುವಾಗ ಒಂದು ನ್ಯಾಯ, ಕೊಡುವಾಗ ಇನ್ನೊಂದು ನ್ಯಾಯ ಆಗುತ್ತದೆಯೇ?

ಕೊನೆಯ ದಿನಗಳು

ಮನಸ್ಸು ಮುರಿದ ಐವಿ ಬೈಕ್ ರೇಸು ಬಿಟ್ಟು ಕಾರ್ ರೇಸಿಗೆ ಹೋದ. ಯಮಹಾ ಕಾರ್ಖಾನೆಯೂ ಆ ವರ್ಷದ ಕೊನೆಗೆ ತನ್ನ ತಂಡವನ್ನು ಮುಚ್ಚಿತು. 1969ರಲ್ಲಿ ಐವಿ ಫಾರ್ಮುಲಾ 2 ಎಂಬ ವಿಭಾಗದಲ್ಲಿ ಕಾರು ಓಡಿಸಿದ. ಹೊಸಬನಾದರೂ ಅವನ ವೇಗ ನೋಡಿ ಪಳಗಿದವರೇ ತಲೆದೂಗಿದರು. ಆದರೆ ಕಾರ್ ರೇಸಿಗೆ ಹಣ ನೀರಿನ ಹಾಗೆ ಖರ್ಚಾಗುತ್ತದೆ. ಅದೇ ಹೊತ್ತಿಗೆ ಚೆಕೊಸ್ಲೊವಾಕಿಯಾದ ಜಾವಾ ಕಾರ್ಖಾನೆ ತನ್ನ 350 ಸಿಸಿ ಬೈಕ್ ಓಡಿಸಲು ಕರೆಯಿತು. ಐವಿ ಒಪ್ಪಿದ.

ಜಾವಾ ಅಂದ ಕೂಡಲೇ ನಿಮಗೆ ನಮ್ಮ ಮೈಸೂರು ನೆನಪಾಗಿರಬೇಕು. ಹೌದು, ಅದೇ ಜಾವಾ. ಅವರಿಂದ ಲೈಸೆನ್ಸ್ ಪಡೆದು 1960ರ ದಶಕದಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಬೈಕ್ ಮಾಡುತ್ತಿದ್ದರು. ಮುಂದೆ ಅದಕ್ಕೇ ಯೆಜ್ಡಿ ಅಂತ ಹೆಸರಾಯಿತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ನಮ್ಮ ಚಿಕ್ಕಪ್ಪನ ಅಂಗಡಿ ಮುಂದೆ ನಿಂತಿರುವ ಹಳೇ ಯೆಜ್ಡಿಗೂ ಐವಿಯ ಬೈಕಿಗೂ ಮೂಲ ಒಂದೇ ಅಂದಾಗ ನನಗೆ ಮೈ ಜುಂ ಅಂದಿತು.

1969ರ ಜೂನ್‌ನಲ್ಲಿ ಹಾಲೆಂಡಿನ ಅಸೆನ್ ರೇಸಿನಲ್ಲಿ ಐವಿ ಈ ಜಾವಾ ಮೇಲೆ ಎರಡನೇ ಸ್ಥಾನ ಪಡೆದ. ಮೊದಲು ಬಂದವನು ಇಟಲಿಯ ಪ್ರಸಿದ್ಧ ಸವಾರ ಅಗೊಸ್ಟಿನಿ. ಇನ್ನು ಗೆಲುವು ದೂರ ಇಲ್ಲ ಅಂತ ಎಲ್ಲರೂ ಅಂದುಕೊಂಡರು.

ಟೂ ಸ್ಟ್ರೋಕ್ ಎಂಜಿನ್ ಅಂದರೆ ಪೆಟ್ರೋಲಿನ ಜೊತೆ ಆಯಿಲ್ ಸೇರಿಸಿ ಓಡಿಸುವ ಎಂಜಿನ್. ಆಯಿಲ್ ಸಾಲದೆ ಹೋದರೆ ಅಥವಾ ಎಂಜಿನ್ ಅತಿಯಾಗಿ ಕಾದರೆ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದಕ್ಕೇ ಎಂಜಿನ್ ಸೀಜ್ ಆಯ್ತು ಅನ್ನುವುದು. ಓಡುತ್ತಿರುವಾಗ ಸೀಜ್ ಆದರೆ ಹಿಂದಿನ ಚಕ್ರ ಥಟ್ಟನೆ ನಿಂತುಬಿಡುತ್ತದೆ. ತಕ್ಷಣ ಕ್ಲಚ್ ಹಿಡಿದರೆ ಮಾತ್ರ ಬದುಕು. ಅದಕ್ಕೇ ಆ ಕಾಲದ ಸವಾರರು ಸದಾ ಕ್ಲಚ್ ಮೇಲೆ ಎರಡು ಬೆರಳು ಇಟ್ಟುಕೊಂಡೇ ಓಡಿಸುತ್ತಿದ್ದರು.

1969 ಜುಲೈ 12. ಪೂರ್ವ ಜರ್ಮನಿಯ ಸಾಕ್ಸೆನ್‌ರಿಂಗ್. ರೇಸಿಗೆ ಮುಂಚೆ ಅಭ್ಯಾಸ ನಡೆಯುತ್ತಿತ್ತು. ರಸ್ತೆ ಊರೊಳಗೆ ಹಾದುಹೋಗುವ ಜಾಗದಲ್ಲಿ ಐವಿಯ ಜಾವಾ ಎಂಜಿನ್ ಸೀಜ್ ಆಯಿತು. ಆ ಒಂದು ಕ್ಷಣ ಅವನ ಕೈ ಕ್ಲಚ್ ಮೇಲೆ ಇರಲಿಲ್ಲ, ಕನ್ನಡಕ ಸರಿಮಾಡಿಕೊಳ್ಳುತ್ತಿದ್ದ ಎಂದು ಹೇಳುತ್ತಾರೆ. ಬೈಕಿನಿಂದ ಎಸೆಯಲ್ಪಟ್ಟ ಅವನ ತಲೆಗೆ ಬಲವಾದ ಪೆಟ್ಟಾಗಿ ಪ್ರಾಣ ಹೋಯಿತು. 27 ತುಂಬಲು ಇನ್ನೂ ಆರು ವಾರ ಇತ್ತು.

ನಾನು ಇದನ್ನು ಬರೆದ ಕಾರಣ

ಗೆಳೆಯರೇ, ಮೊದಲು ಹೇಳಿದ ಮಾತಿಗೆ ಈಗ ಬರುತ್ತೇನೆ. ಹೋದ ವರ್ಷದ ಹೋಬಳಿ ಮಟ್ಟದ ಕ್ರೀಡಾಕೂಟ ನಿಮಗೆ ನೆನಪಿದೆ. ನನಗೂ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೂ ಒಂದು ಮಾತಾಗಿತ್ತು. 800 ಮೀಟರ್ ಓಟದಲ್ಲಿ ಅವನು ಮೊದಲೇ ಜೋರಾಗಿ ಓಡಿ ಬೇರೆ ಶಾಲೆಯವರನ್ನು ದಣಿಸಬೇಕು, ನಾನು ಗೆಲ್ಲಬೇಕು. 1500 ಮೀಟರ್‌ನಲ್ಲಿ ನಾನು ಹಾಗೆ ಮಾಡಬೇಕು, ಅವನು ಗೆಲ್ಲಬೇಕು. ಬೆಳಗ್ಗೆ 800ರಲ್ಲಿ ಅವನು ಮಾತಿನಂತೆ ನಡೆದುಕೊಂಡ. ಎದೆ ಬಡಿದುಕೊಳ್ಳುವ ಹಾಗೆ ಓಡಿ ಕೊನೆಗೆ ಪಕ್ಕಕ್ಕೆ ಸರಿದ. ನಾನು ಗೆದ್ದೆ. ಮಧ್ಯಾಹ್ನ 1500ರಲ್ಲಿ ನಾನು ಮುಂದೆ ಓಡಿದೆ. ಕೊನೆಯ ಸುತ್ತಿನಲ್ಲಿ ಸರಿಯಬೇಕಿತ್ತು. ಕಾಲಲ್ಲಿ ಇನ್ನೂ ಕಸುವಿತ್ತು, ಜನ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ನಾನು ಸರಿಯಲಿಲ್ಲ. ನಾನು ಸರಿಯುತ್ತೇನೆ ಅಂತ ನಂಬಿ ಹಿಂದೆಯೇ ಕಾಯುತ್ತಿದ್ದ ಅವನನ್ನು ಇನ್ನೊಬ್ಬ ಹುಡುಗ ದಾಟಿದ. ಅವನು ಮೂರನೆಯವನಾದ. ತಾಲ್ಲೂಕಿಗೆ ಹೋಗಲಿಲ್ಲ. ನಾನು ಎರಡು ಸರ್ಟಿಫಿಕೇಟ್ ಹಿಡಿದು ಮನೆಗೆ ಬಂದೆ.

ಅವತ್ತಿನಿಂದ ಅವನು ನನ್ನ ಪಕ್ಕ ಕೂರುವುದಿಲ್ಲ. ಯಾರ ಹತ್ತಿರವೂ ನನ್ನ ಮೇಲೆ ದೂರೂ ಹೇಳಿಲ್ಲ. ಅದು ನನಗೆ ಇನ್ನೂ ಕಷ್ಟ. ಎಲ್ಲರೂ ನನ್ನನ್ನು ಒಳ್ಳೇ ಓಟಗಾರ ಅಂತ ಹೊಗಳಿದರು. ನಾನೂ ಸುಮ್ಮನೆ ಕೇಳಿಸಿಕೊಂಡೆ. ಐವಿಯ ಕಥೆ ಕೇಳಿದ ದಿನ, ನಾನು ಈ ಕಥೆಯಲ್ಲಿ ಯಾರು ಅನ್ನುವುದು ಗೊತ್ತಾಯಿತು. ಅದಕ್ಕೇ ಊಟ ಸೇರಲಿಲ್ಲ.

ಐವಿಗೂ ರೀಡ್‌ಗೂ ನಡುವಿನ ಲೆಕ್ಕ ತೀರಿಸಲು ಕಾಲ ಸಿಗಲಿಲ್ಲ. ಹತ್ತು ತಿಂಗಳೊಳಗೆ ಒಬ್ಬ ಹೊರಟೇಹೋದ. ನಮಗಿಬ್ಬರಿಗೆ ಕಾಲ ಇದೆ. ಈ ವರ್ಷದ ಕ್ರೀಡಾಕೂಟಕ್ಕೆ ಇನ್ನು ಸ್ವಲ್ಪವೇ ದಿನ. ನಾನು 1500 ಮೀಟರ್‌ಗೆ ಹೆಸರು ಕೊಟ್ಟಿದ್ದೇನೆ, ಗೆಲ್ಲುವುದಕ್ಕಲ್ಲ. ಪಿ.ಟಿ. ಮೇಷ್ಟ್ರಿಗೆ ಹೇಳಿದ್ದೇನೆ, ಅವರು ಒಪ್ಪಿದ್ದಾರೆ. ಅವನು ಒಪ್ಪುತ್ತಾನೋ ಇಲ್ಲವೋ ಗೊತ್ತಿಲ್ಲ. ಒಪ್ಪದಿದ್ದರೂ ಅದು ನ್ಯಾಯವೇ.

ಈ ಗೋಡೆಯ ಮುಂದೆ ಅವನೂ ನಿಂತು ಓದುತ್ತಾನೆ ಅಂತ ನನಗೆ ಗೊತ್ತು. ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಇಲ್ಲಿ ಬರೆದಿದ್ದೇನೆ. ತಪ್ಪಾಯಿತು ಕಣೋ. ಎರಡನೇ ಬೆಂಚಿನಲ್ಲಿ ನಿನ್ನ ಜಾಗ ಇನ್ನೂ ಹಾಗೇ ಇದೆ.

ಇತಿ,
10ನೇ ತರಗತಿಯ ಒಬ್ಬ ವಿದ್ಯಾರ್ಥಿ